ಡೆಪಾ ಎಣ್ಣೆ: ಗೇರು ಕಾಡಿನಲ್ಲಿ ಎರಡು ಸೀಸನ್ ಹಚ್ಚಿ ನೋಡಿದ್ದು

ನಮ್ಮ ಮನೆಯ ಹಿತ್ತಿಲ ಬಾಗಿಲಿನ ಪಕ್ಕ ಗೋಡೆಯಲ್ಲಿ ಒಂದು ಗೂಡಿದೆ. ಅತ್ತೆಯವರ ಕಾಲದಲ್ಲಿ ಅಲ್ಲಿ ಚಿಮಣಿ ದೀಪ ಇಡುತ್ತಿದ್ದರಂತೆ. ಈಗ ಉಣುಗು ಕಚ್ಚದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆಯ ಬಾಟಲಿಗಳು ಸಾಲಾಗಿ ನಿಂತಿವೆ. ಗೇರು ಸೀಸನ್ನಿನಲ್ಲಿ ಆ ಬಾಗಿಲು ದಾಟಿ ಕಾಡಿಗೆ ಇಳಿಯುವವರು ಯಾರೇ ಆಗಲಿ, ಮೊದಲು ಆ ಗೂಡಿಗೆ ಕೈ ಹಾಕಬೇಕು. ಇದು ನಾನು ಮಾಡಿದ ಕಟ್ಟುಪಾಡು. ಎರಡು ಸೀಸನ್ ಆಯಿತು. ಎಣ್ಣೆ ಹೇಗಿದೆ, ಕೆಲಸ ಮಾಡುತ್ತದಾ ಅಂತ ತುಂಬಾ ಜನ ಕೇಳಿದ್ದಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಸಾಗರ ತಾಲ್ಲೂಕಿನವಳು. ಮದುವೆಯಾಗಿ ಗೋವಾಕ್ಕೆ ಬಂದು 19 ವರ್ಷ. ಗೋವಾ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಸಮುದ್ರ ಬರುತ್ತದೆ. ನಮ್ಮ ಸತ್ತರಿ ತಾಲ್ಲೂಕಿನಲ್ಲಿ ಸಮುದ್ರವೇ ಇಲ್ಲ. ಬೆಳಗಾವಿ ಕಡೆಯಿಂದ ಚೋರ್ಲಾ ಘಾಟ್ ಇಳಿದರೆ ಸಿಗುವ ಕಾಡು, ಮಹಾದಾಯಿ ನದಿ, ವಾಳಪೈ ಪೇಟೆ, ಎಲ್ಲಿ ನೋಡಿದರೂ ಗೇರು ಮರ. ಬಂದ ಹೊಸತರಲ್ಲಿ ನನಗೆ ಪರಊರು ಅಂತ ಅನ್ನಿಸಲೇ ಇಲ್ಲ. ಅದೇ ಮಳೆ, ಅದೇ ಉಂಬಳ, ಮರದ ಮೇಲೆ ಅದೇ ಮಂಗಗಳು. 2015ರಲ್ಲಿ ಅದೇ ಕಾಯಿಲೆಯೂ ಬಂತು. ಸತ್ತರಿಯ ಪಾಳಿ ಎಂಬ ಹಳ್ಳಿಯಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿದೆ ಅಂತ ಸುದ್ದಿ ಕೇಳಿದ ದಿನ ಅಣ್ಣನಿಗೆ ಫೋನ್ ಮಾಡಿ ಅತ್ತಿದ್ದೆ. ಇಲ್ಲಿನವರಿಗೆ ಅದು ಹೊಸ ಹೆಸರು. ನಾನು ಆ ಹೆಸರು ಕೇಳಿಕೊಂಡೇ ಬೆಳೆದವಳು.

ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಇದು ಉಣುಗು ಕಚ್ಚಿ ಬರುವ ವೈರಸ್ ಜ್ವರ. ಕೆಲವು ಕಡೆ ಉಣ್ಣೆ ಅಂತಾರೆ, ದನದ ಕಿವಿಯೊಳಗೆ ಅಂಟಿಕೊಂಡಿರುತ್ತದಲ್ಲ, ಆ ಜಾತಿಯದು. ಕಾಡಿನ ಮಂಗಗಳಿಗೂ ಇದೇ ಜ್ವರ ಬಂದು ಸಾಯುತ್ತವೆ. ಸತ್ತ ಮಂಗದ ಮೈಯಿಂದ ಉಣುಗುಗಳು ಉದುರಿ ಕೆಳಗಿನ ದರಕಿನಲ್ಲಿ, ಅಂದರೆ ಒಣಗಿದ ಎಲೆಯ ಹಾಸಿನಲ್ಲಿ, ಸೇರಿಕೊಳ್ಳುತ್ತವೆ. ದರಕು ಗುಡಿಸಲು, ಸೌದೆ ತರಲು, ಗೇರು ಹೆಕ್ಕಲು ಹೋದವರ ಮೈಗೆ ಹತ್ತುತ್ತವೆ. ಜ್ವರ ಒಮ್ಮೆಲೇ ಏರುತ್ತದೆ. ತಲೆ ಸಿಡಿಯುತ್ತದೆ, ಮೈಯೆಲ್ಲ ಬಡಿದು ಹಾಕಿದ ಹಾಗಾಗುತ್ತದೆ. ಕೆಲವರಿಗೆ ಮೂಗಿನಿಂದ, ವಸಡಿನಿಂದ ರಕ್ತ ಬರುತ್ತದೆ. ಇನ್ನು ಕೆಲವರಿಗೆ ಜ್ವರ ಬಿಟ್ಟು ವಾರ, ಎರಡು ವಾರ ಆದಮೇಲೆ ಮರುಕಳಿಸಿ ಮೆದುಳಿಗೆ ಹೋಗುತ್ತದೆ. 100 ಜನರಿಗೆ ಬಂದರೆ 3ರಿಂದ 5 ಜನ ಉಳಿಯುವುದಿಲ್ಲ. ಇದಕ್ಕೇ ಅಂತ ಒಂದು ಔಷಧಿ ಇಲ್ಲ. ಕಚ್ಚಿಸಿಕೊಳ್ಳದೇ ಇರಬೇಕು, ಅಷ್ಟೇ. ಅದಕ್ಕೇ ಈ ಎಣ್ಣೆ.

ಡೆಪಾ ನಮ್ಮ ದೇಶದಲ್ಲೇ ಕಂಡುಹಿಡಿದದ್ದು. ಗ್ವಾಲಿಯರ್‌ನಲ್ಲಿರುವ ಡಿಆರ್‌ಡಿಓ, ಅಂದರೆ ರಕ್ಷಣಾ ಸಂಶೋಧನಾ ಸಂಸ್ಥೆಯ, ಪ್ರಯೋಗಾಲಯದವರು ಮಾಡಿದ್ದು. ಹೊರದೇಶದಲ್ಲಿ ಕೀಟ ಹತ್ತಿರ ಬಾರದ ಹಾಗೆ ಹೆಚ್ಚಾಗಿ ಬಳಸುವ ಡೀಟ್ ಅನ್ನುವ ರಾಸಾಯನಿಕಕ್ಕೆ ಬೇಕಾದ ಕಚ್ಚಾ ವಸ್ತು ಇಲ್ಲಿ ಸಿಗುತ್ತಿರಲಿಲ್ಲ. ಅದರ ಬದಲಿಗೆ ಇಲ್ಲಿ ಸಿಗುವುದರಲ್ಲೇ ಕಡಿಮೆ ಖರ್ಚಿನಲ್ಲಿ ಇದನ್ನು ತಯಾರಿಸಿದರು. ಮಲೆನಾಡಿನಲ್ಲಿ ಮೊದಲು ಡಿಎಂಪಿ ಎಣ್ಣೆ ಹಂಚುತ್ತಿದ್ದರು, ಈಗ ಕೆಲವು ವರ್ಷದಿಂದ ಡೆಪಾ. ಊರಲ್ಲಿ ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ತಂದು ಕೊಡುತ್ತಾರೆ, ದುಡ್ಡಿಲ್ಲ. ನಾನು ಇಲ್ಲಿ ಒಂದು ಕಡೆ ಕೇಳಿದಾಗ ಸ್ಟಾಕ್ ಇಲ್ಲ ಅಂದರು. ಹಾಗಾಗಿ ಅಣ್ಣ ತನ್ನ ಮನೆಯ ಪಾಲಿನಲ್ಲಿ ಉಳಿಸಿ ಕಳಿಸುತ್ತಾನೆ. ಅತ್ತಿಗೆ ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಸುತ್ತಿ, ಹಳೇ ಟವೆಲಿನಲ್ಲಿ ಕಟ್ಟಿ, ಅಡಿಕೆ ಚೀಲದಲ್ಲಿಟ್ಟು ಕೊಡುತ್ತಾಳೆ. ಹೊನ್ನಾವರ, ಕಾರವಾರ, ಮಡಗಾಂವ್, ಪೋಂಡಾ ಅಂತ ಬಸ್ಸು ಬದಲಿಸಿಕೊಂಡು ಬರುವಷ್ಟರಲ್ಲಿ ಚೀಲಕ್ಕೆಲ್ಲ ಅದರ ವಾಸನೆ.

ವಾಸನೆ ಅಂದೆನಲ್ಲ, ಮೊದಲು ಅದನ್ನೇ ಹೇಳುತ್ತೇನೆ. ಔಷಧಿ ಅಂಗಡಿಯ ವಾಸನೆ, ಆದರೆ ಮೂಗಿಗೆ ಹೊಡೆಯುವಷ್ಟಿಲ್ಲ. ಹಳೇ ಡಿಎಂಪಿಗಿಂತ ಹಗುರ ಅಂತ ನನಗನ್ನಿಸಿತು. ಚರ್ಮಕ್ಕೆ ಸ್ವಲ್ಪ ಅಂಟು ಅಂಟು. ಹಚ್ಚಿ ಹತ್ತು ನಿಮಿಷಕ್ಕೆ ಒಗ್ಗುತ್ತದೆ. ನಮ್ಮಲ್ಲಿ ಆರು ಜನ ಹಚ್ಚಿದ್ದೇವೆ, ಯಾರಿಗೂ ತುರಿಕೆ, ಉರಿ ಆಗಿಲ್ಲ. ಕಣ್ಣಿಗೆ, ಬಾಯಿಗೆ, ಗಾಯಕ್ಕೆ ತಾಗಿಸಬಾರದು. ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು.

ನಮ್ಮ ತೋಟ 11 ಎಕರೆ. ಫೆಬ್ರವರಿಯಿಂದ ಮೇ ತನಕ ಗೇರು ಹೆಕ್ಕಲು ಹಾನಗಲ್ ಕಡೆಯಿಂದ ನಾಲ್ಕು ಜನ ಬರುತ್ತಾರೆ. ಎಲ್ಲವ್ವ ಅವರಿಗೆಲ್ಲ ಹಿರಿಯಳು, ಒಂಬತ್ತು ವರ್ಷದಿಂದ ಬರುತ್ತಿದ್ದಾಳೆ. ಉಣುಗಿನ ಮರಿಗಳು ಜಾಸ್ತಿ ಓಡಾಡುವುದೂ ಇದೇ ತಿಂಗಳುಗಳಲ್ಲಿ. ಮಳೆ ನಿಂತ ಮೇಲೆ ಶುರುವಾಗಿ ಬೇಸಿಗೆ ಮುಗಿಯುವ ತನಕ. ಗೇರು ಹಣ್ಣು ಉದುರುವ ಹೊತ್ತಿಗೇ ಉಣುಗು ಕಾಯುತ್ತಿರುತ್ತದೆ.

ಬೆಳಿಗ್ಗೆ ಆರೂವರೆಗೆ ಎಲ್ಲರೂ ಗೂಡಿನ ಮುಂದೆ ಸೇರುತ್ತೇವೆ. ಪಾದದ ಬೆರಳ ಸಂದಿಯಿಂದ ಹಿಡಿದು ತೊಡೆ ತನಕ, ಸೊಂಟದ ಸುತ್ತ, ಕುತ್ತಿಗೆ, ಮೊಣಕೈ. ಅಂಗೈಗೆ ಹಚ್ಚುವುದಿಲ್ಲ. ಹಣ್ಣು ಭಟ್ಟಿಗೆ ಹೋಗುತ್ತದೆ, ಅದಕ್ಕೆ ಎಣ್ಣೆ ತಾಗಬಾರದು. ಮೇಲೆ ಉದ್ದ ತೋಳಿನ ಅಂಗಿ, ಕಾಲಿಗೆ ಬಿಳಿ ಸಾಕ್ಸ್. ಬಿಳಿ ಯಾಕೆ ಅಂದರೆ, ಉಣುಗಿನ ಮರಿ ಎಳ್ಳಿನ ಕಾಳಿಗಿಂತ ಚಿಕ್ಕದು. ಬಿಳಿ ಬಟ್ಟೆಯ ಮೇಲೆ ಮಾತ್ರ ಕಾಣುತ್ತದೆ, ಅದೂ ನಡೆದರೆ. ಮೊದಲ ಸೀಸನ್ನಿನಲ್ಲಿ ಒಂದು ದಿನ ಸುಮ್ನೆ ನೋಡೋಣ ಅಂತ ಮರದ ಬುಡದಲ್ಲಿ ಕೂತೆ. ಒಂದು ಮರಿ ನನ್ನ ಸಾಕ್ಸಿನ ತುದಿಯಿಂದ ಮೇಲಕ್ಕೆ ಹತ್ತಿತು. ಒಂದು ಗೇಣು ಬಂತು. ಸಾಕ್ಸ್ ಮುಗಿದು ಎಣ್ಣೆ ಹಚ್ಚಿದ ಚರ್ಮ ಶುರುವಾಗುವ ಕಡೆ ನಿಂತುಬಿಟ್ಟಿತು. ಮುಂದಿನ ಕಾಲು ಎತ್ತಿ ಆಡಿಸಿತು, ಪಕ್ಕಕ್ಕೆ ಹೋಯಿತು, ಮತ್ತೆ ಮೇಲೆ ನೋಡಿತು, ಕೊನೆಗೆ ತಿರುಗಿ ಕೆಳಗಿಳಿಯಿತು. ಅದನ್ನು ನೋಡಿದ ಮೇಲೆ ನನಗೆ ಈ ಎಣ್ಣೆಯ ಮೇಲೆ ನಂಬಿಕೆ ಬಂತು. ಈಗ ಯಾರಾದರೂ ಕೆಲಸ ಮಾಡುತ್ತದಾ ಅಂತ ಕೇಳಿದರೆ ಆ ಉಣುಗಿನ ಕಥೆಯನ್ನೇ ಹೇಳುತ್ತೇನೆ.

ತೊಂದರೆ ಇರುವುದು ಹೊತ್ತು ಏರಿದ ಮೇಲೆ. ಏಪ್ರಿಲ್ಲಿನ ಸೆಖೆ ಹೇಗಿರುತ್ತದೆ ಅಂತ ಗೋವಾದಲ್ಲಿ ಇದ್ದವರಿಗೆ ಗೊತ್ತು. ಒಂಬತ್ತು ಗಂಟೆಗೆಲ್ಲ ಅಂಗಿ ಬೆನ್ನಿಗೆ ಅಂಟುತ್ತದೆ. ಬೆವರಿನ ಜೊತೆ ಎಣ್ಣೆಯೂ ಹೋಗುತ್ತದೆ. ನೆರಳಲ್ಲಿ ನಿಂತು ಮೇಲ್ವಿಚಾರಣೆ ಮಾಡುವ ನನ್ನಂಥವರಿಗೆ ನಾಲ್ಕು ಗಂಟೆ ಧೈರ್ಯವಾಗಿ ಇರಬಹುದು. ಬಗ್ಗಿ ಹೆಕ್ಕುವವರಿಗೆ ಎರಡೂವರೆ, ಹೆಚ್ಚೆಂದರೆ ಮೂರು. ಇನ್ನೊಂದು, ಹಣ್ಣಿನಿಂದ ಬೀಜ ತಿರುವಿ ತೆಗೆಯುವ ಕೆಲಸ. ಕೆಳಗೆ ದರಕಿನ ಮೇಲೇ ಕೂತು ಮಾಡುತ್ತಾರೆ. ಗೇರು ಹಣ್ಣಿನ ರಸ ಮೊಣಕೈ ತನಕ ಇಳಿಯುತ್ತದೆ, ತೊಡೆಯ ಮೇಲೆ ಸುರಿಯುತ್ತದೆ. ಎಣ್ಣೆ ತೊಳೆದು ಹೋಗಲು ಅಷ್ಟೇ ಸಾಕು. ದಿನದಲ್ಲಿ ಉಣುಗಿಗೆ ತೀರಾ ಹತ್ತಿರ ಇರುವ ಹೊತ್ತು ಅದು, ಎಣ್ಣೆ ಇಲ್ಲದಿರುವ ಹೊತ್ತೂ ಅದೇ.

ಹಾಗಾಗಿ ನನ್ನ ಅಂಕ ಹೀಗೆ: ಬೆಳಗಿನ ಹೊತ್ತಿಗೆ ಐದಕ್ಕೆ ಐದು. ಹತ್ತೂವರೆ ಆದಮೇಲೆ ಐದಕ್ಕೆ ಎರಡು. ಮತ್ತೆ ಹಚ್ಚಿದರೆ ಮತ್ತೆ ಐದು.

ಈ ಮಾತನ್ನು ನಾನು ಕಲಿತದ್ದು ಎಲ್ಲವ್ವನ ಜ್ವರದಿಂದ. ಮೊದಲ ಸೀಸನ್ನಿನ ಮಾರ್ಚ್ ಕೊನೆಯ ವಾರ. ಸಂಜೆ ಬಿಸಿನೀರಿನ ಸ್ನಾನಕ್ಕೆ ಹೋದವಳು ಕರೆದಳು. ಮೊಣಕಾಲಿನ ಹಿಂದಿನ ಮಡಿಕೆಯಲ್ಲಿ ಒಂದು ಉಣುಗು ಕಚ್ಚಿಕೊಂಡು ಕೂತಿತ್ತು. ಹುಬ್ಬು ತೀಡುವ ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆದು ತೆಗೆದೆ. ಉಗುರಲ್ಲಿ ಚಿವುಟಬಾರದು, ಸೀಮೆಎಣ್ಣೆ ಹಾಕಬಾರದು, ಬೀಡಿ ತಾಗಿಸಿ ಸುಡಬಾರದು. ಬೆಳಿಗ್ಗೆ ಎಣ್ಣೆ ಹಚ್ಚಿದ್ದಳು, ನಾನೇ ನಿಂತು ನೋಡಿದ್ದೆ. ಮಧ್ಯಾಹ್ನ ಎರಡು ಗಂಟೆ ತನಕ ಬೀಜ ತಿರುವುತ್ತಾ ಕೂತಿದ್ದಳು.

ಐದನೇ ದಿನ ಜ್ವರ ಬಂತು. ಒಂದು ಖಾಸಗಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಮಲೇರಿಯಾ ನೋಡಿದರು, ಡೆಂಗ್ಯೂ ನೋಡಿದರು. ಎರಡೂ ಇಲ್ಲ. ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮಾರನೇ ದಿನವೂ ಅದೇ. ಕಾಡಿಗೆ ಹೋಗಿದ್ದಿರಾ ಅಂತ ಒಬ್ಬರೂ ಕೇಳಲಿಲ್ಲ. ನಾನೇ ಹೇಳಿದೆ, ಉಣುಗು ಕಚ್ಚಿದೆ, ನಮ್ಮ ಊರಲ್ಲಿ ಇಂಥ ಜ್ವರ ಇದೆ, ಈ ತಾಲ್ಲೂಕಿನಲ್ಲೂ ಬಂದಿತ್ತು ಅಂತ. ಅವರ ಚೀಟಿಯಲ್ಲಿ ಟಿಕ್ ಹಾಕಲು ಹೆಸರುಗಳ ಒಂದು ಪಟ್ಟಿ ಅಚ್ಚಾಗಿತ್ತು. ಅದರಲ್ಲಿ ಈ ಕಾಯಿಲೆಯ ಹೆಸರು ಇರಲಿಲ್ಲ. ಇಲ್ಲದ ಹೆಸರಿಗೆ ಟಿಕ್ ಎಲ್ಲಿ ಹಾಕುತ್ತಾರೆ? ಮೂರನೇ ದಿನ ಹಟ ಹಿಡಿದು ಬೇರೆ ಕಡೆ ರಕ್ತ ಕೊಡಿಸಿದೆ. ವರದಿ ಬರುವಷ್ಟರಲ್ಲಿ ಎಲ್ಲವ್ವ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. ಮಂಗನ ಕಾಯಿಲೆಯೇ. ಈ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತ ಸೋರುವ ಭಯ ಇರುತ್ತದೆ. ಕಂಡಕಂಡ ನೋವಿನ ಇಂಜೆಕ್ಷನ್ ಚುಚ್ಚಬಾರದು. ಅವಳು ಬದುಕಿದಳು ಅನ್ನುವುದು ದೇವರ ದಯೆ. 2019ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಎಷ್ಟೋ ಮನೆಗಳಲ್ಲಿ ಹಾಗಾಗಲಿಲ್ಲ.

ಇದು ಎಣ್ಣೆಯ ವಿಮರ್ಶೆ, ಲಸಿಕೆ, ಸಂಶೋಧನೆ ಎಲ್ಲ ಯಾಕೆ ಅಂತ ಕೇಳಬಹುದು. ಆದರೆ ಈ ಬಾಟಲಿ ನಮ್ಮ ಗೂಡಿಗೆ ಬಂದ ದಾರಿ ಹೇಳದೆ ಇದರ ಬಗ್ಗೆ ಬರೆದ ಹಾಗಾಗುವುದಿಲ್ಲ.

ಈ ಕಾಯಿಲೆ ಗೊತ್ತಾದದ್ದು 1957ರಲ್ಲಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಸುತ್ತಲ ಹಳ್ಳಿಯ ಜನಕ್ಕೂ ಜ್ವರ. ಪುಣೆಯ ವೈರಸ್ ರಿಸರ್ಚ್ ಸೆಂಟರಿನವರು ಬಂದರು. 1952ರಲ್ಲಿ ಶುರುವಾದ ಸಂಸ್ಥೆ ಅದು, ಈಗ ಎನ್‌ಐವಿ ಅಂತಾರೆ. ನಮ್ಮ ಅಜ್ಜ ಹೇಳುತ್ತಿದ್ದರು, ಪುಣೆಯವರ ಜೀಪು ಬಂದರೆ ಹುಡುಗರೆಲ್ಲ ಹಿಂದೆ ಓಡುತ್ತಿದ್ದರಂತೆ, ಸತ್ತ ಮಂಗ ಎಲ್ಲಿದೆ ಅಂತ ತೋರಿಸಲು. ಅಷ್ಟು ಬೇಗ ಅಷ್ಟು ಜನ ಬಂದದ್ದಕ್ಕೆ ಒಂದು ಕಾರಣ ಇತ್ತು. ಮಂಗ ಸಾಯುವುದು ನೋಡಿ ಹಳದಿ ಜ್ವರ ಏಷ್ಯಾಕ್ಕೆ ಕಾಲಿಟ್ಟಿತೇನೋ ಅಂತ ಹೆದರಿದ್ದರು. ಅದು ಇಡೀ ಜಗತ್ತಿನ ಚಿಂತೆ. ಪರೀಕ್ಷೆ ಮಾಡಿದರೆ ಹಳದಿ ಜ್ವರ ಆಗಿರಲಿಲ್ಲ. ರಷ್ಯಾ ಕಡೆಯ ಒಂದು ಉಣುಗು ಜ್ವರದ ವೈರಸ್ಸಿಗೆ ಹತ್ತಿರದ ಹೊಸ ವೈರಸ್. ಸರಿ, ಆ ರಷ್ಯಾ ಜ್ವರದ ಲಸಿಕೆಯನ್ನೇ ಇಲ್ಲಿನವರಿಗೆ ಹಾಕಿ ನೋಡಿದರು. ಹಿಡಿಯಲಿಲ್ಲ. ನಮ್ಮ ಕಾಡಿನ ವೈರಸ್ಸಿಗೆ ನಮ್ಮದೇ ಲಸಿಕೆ ಬೇಕಿತ್ತು.

ಅದು ಕರ್ನಾಟಕದಲ್ಲಿ ಜನರಿಗೆ ಸಿಕ್ಕಿದ್ದು 1990ರಿಂದ. ತಿಂಗಳ ಅಂತರದಲ್ಲಿ ಎರಡು, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷವೂ. ನಾನೂ ಹಾಕಿಸಿಕೊಂಡಿದ್ದೇನೆ, ತೋಳು ಎತ್ತಲು ಆಗದಷ್ಟು ನೋವು. 2013ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಎರಡು ಡೋಸ್ ಕೊಡುವ ರಕ್ಷಣೆ 62%, ಬೂಸ್ಟರ್ ಸೇರಿದರೆ 83%. ಅಮ್ಮ ಒಂದನ್ನೂ ತಪ್ಪಿಸದೆ ನಮ್ಮನ್ನು ಸಾಲಿನಲ್ಲಿ ನಿಲ್ಲಿಸುತ್ತಿದ್ದಳು. ಈಗ ಆ ಲಸಿಕೆಯೂ ನಿಂತಿದೆ, ಸಾಕಷ್ಟು ಪರಿಣಾಮ ಇಲ್ಲ ಅಂತ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಹೊಸದು ತಯಾರಿಸುತ್ತಿದ್ದಾರೆ. ಅದು ಬರುವ ತನಕ ಎಲ್ಲವ್ವನ ಕಾಲಿಗೂ ಉಣುಗಿಗೂ ನಡುವೆ ಇರುವುದು ಈ ಎಣ್ಣೆಯ ತೆಳು ಪದರ ಮಾತ್ರ.

ಅಣ್ಣನ ಮಗಳು ಪುಣೆಯಲ್ಲಿ ಮೈಕ್ರೋಬಯಾಲಜಿ ಓದುತ್ತಾಳೆ. ಹೋದ ಮಾರ್ಚಿನಲ್ಲಿ ಒಂದು ವಾರ ನಮ್ಮಲ್ಲಿಗೆ ಬಂದಿದ್ದಳು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮಾಡಿದ ತುರ್ತು ಸಂಶೋಧನೆಯ ಪಟ್ಟಿಯನ್ನು ಅವಳೇ ಫೋನಿನಲ್ಲಿ ತೋರಿಸಿದಳು. ಎಬೋಲಾ, ಲಸ್ಸಾ, ನಿಫಾ, ಜಿಕಾ, ಮರ್ಸ್, ಸಾರ್ಸ್ ಎಲ್ಲ ಇವೆ. ಇನ್ನೂ ಹುಟ್ಟದ ಕಾಯಿಲೆಗೂ ಡಿಸೀಸ್ ಎಕ್ಸ್ ಅಂತ ಒಂದು ಜಾಗ ಇದೆ. ನಮ್ಮದು ಇಲ್ಲ. ನಾನು ಬೇಜಾರು ಮಾಡಿಕೊಂಡೆ. ಅವಳು ಸಮಾಧಾನವಾಗಿ ಹೇಳಿದಳು, "ಅತ್ತೆ, ಇದು ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ. ವಿಮಾನ ಹತ್ತಿ ಬೇರೆ ದೇಶಕ್ಕೆ ಹೋಗಲ್ಲ. ಜಗತ್ತಿನ ಪಟ್ಟಿಗೆ ಬರೋದು ಕಷ್ಟ. ಇಂಥದ್ದಕ್ಕೆ ಇಲ್ಲಿಯ ಪಟ್ಟಿ ಇಲ್ಲಿಯವರೇ ಮಾಡ್ಕೋಬೇಕು."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಕ್ಯಾಸನೂರಿನಲ್ಲಿ ಶುರುವಾದದ್ದು 2012ರಲ್ಲಿ ಬಂಡೀಪುರದಲ್ಲಿ ಸಿಕ್ಕಿತು. ಆಮೇಲೆ ನೀಲಗಿರಿ, ವಯನಾಡು, 2015ರಲ್ಲಿ ನಮ್ಮ ಸತ್ತರಿ, 2016ರಲ್ಲಿ ಪಕ್ಕದ ಸಿಂಧುದುರ್ಗದ ದೋಡಾಮಾರ್ಗ. ಐದು ರಾಜ್ಯ, ಒಂದೇ ಘಟ್ಟ. ಖಾನಾಪುರದ ಕಾಡಿನಲ್ಲಿ ಇವತ್ತು ಸತ್ತ ಮಂಗದ ಸುದ್ದಿ ವಾಳಪೈಗೆ ನಾಳೆ ಬರಬೇಕು. ಮಂಗ ಸತ್ತ ಜಾಗದ ಸುತ್ತ 50 ಅಡಿ ತನಕ ಉಣುಗು ಸಾಯುವ ಪುಡಿ ಹೊಡೆಯುತ್ತಾರೆ, ಆದರೆ ಯಾರೋ ಹೇಳಿದರೆ ತಾನೇ ಹೊಡೆಯುವುದು? ಅಣ್ಣನ ಊರಲ್ಲಿ ಮಂಗ ಸತ್ತರೆ ಶಾಲೆ ಮಕ್ಕಳೂ ಫೋನ್ ಮಾಡುತ್ತಾರೆ. ಇಲ್ಲಿ ಪಕ್ಕದ ಮನೆಯವರಿಗೆ ನಾನೇ ಹೇಳಿಕೊಟ್ಟೆ: ಮುಟ್ಟಬೇಡಿ, ಹೂಳಬೇಡಿ, ಮೊದಲು ತಿಳಿಸಿ.

ಅಣ್ಣನ ಮಗಳು ಬಂದಾಗ ಒಂದು ಒಳ್ಳೆಯ ಕೆಲಸ ಮಾಡಿದಳು. ಕೆಲಸದವರ ಜೊತೆ ಅಂಗಳದಲ್ಲಿ ತಾನೂ ಕೂತು, ಬೀಜ ತಿರುವುತ್ತಾ, ನಿಮ್ಮನ್ನು ಕೇಳಿದರೆ ಈ ಕಾಯಿಲೆಗೆ ಮೊದಲು ಏನು ಮಾಡಬೇಕು ಅಂತೀರಿ ಅಂತ ಒಬ್ಬೊಬ್ಬರನ್ನೇ ಕೇಳಿದಳು. ನಾನು ಲಸಿಕೆ ಅಂತಾರೆ ಅಂದುಕೊಂಡಿದ್ದೆ. ಒಬ್ಬ, ರಕ್ತದ ವರದಿ ಅವತ್ತೇ ಬರಬೇಕು ಅಂದ. ಜ್ವರ ಬಂದ ದಿನಗಳ ಕೂಲಿ ಯಾರು ಕೊಡ್ತಾರೆ ಅಂತ ಇನ್ನೊಬ್ಬಳು ಕೇಳಿದಳು. ಎಲ್ಲವ್ವ ಕೈಯಲ್ಲಿದ್ದ ಹಣ್ಣು ಬುಟ್ಟಿಗೆ ಹಾಕಿ ಹೇಳಿದಳು, "ಹೊತ್ತು ಮುಳುಗೂತನಕ ಇರೋ ಎಣ್ಣಿ ಮಾಡ್ರಿ ಅಂತ ಹೇಳ್ರಿ ತಂಗಿ ಅವರಿಗೆ. ನಮ್ಮ ಬೆವರಿಗೆ ಹೋಗಬಾರದು ನೋಡ್ರಿ."

ನನ್ನ ಪ್ರಕಾರ ಪಟ್ಟಿಯ ಮೊದಲ ಸಾಲು ಅದೇ ಆಗಬೇಕು. ಲಸಿಕೆ ಬೇಕು, ವರದಿ ಬೇಗ ಬರಬೇಕು, ಎಲ್ಲ ಸರಿ. ಆದರೆ ಎಣ್ಣೆ ಈಗಾಗಲೇ ಇದೆ, ಕೆಲಸವೂ ಮಾಡುತ್ತಿದೆ. ಅದನ್ನು ಬೆವರು, ಗೇರು ರಸ, ಎಂಟು ಗಂಟೆ ಕೂಲಿ ತಡೆಯುವ ಹಾಗೆ ಮಾಡುವುದಕ್ಕೆ ಯಾರಾದರೂ ಕೂತರೆ ಆಗದ ಮಾತೇನಲ್ಲ. ಗ್ವಾಲಿಯರ್‌ನವರು ಸಿಗದ ವಸ್ತುವಿಗೆ ಬದಲಿ ಹುಡುಕಿದ ಹಾಗೆ. ಹುಡುಕುವವರು ಏಪ್ರಿಲ್‌ನಲ್ಲಿ ಒಮ್ಮೆ ಇಲ್ಲಿಗೆ ಬಂದು ಬೀಜ ತಿರುವಲಿ. ಊಟ ನಮ್ಮ ಮನೆಯಲ್ಲಿ.

ಬಳಸುವವರಿಗೆ ನಾನು ಹೇಳುವುದಿಷ್ಟು. ಹತ್ತೂವರೆಗೆ ಚಹಾ ಕೊಡುವಾಗ ಎರಡನೇ ಸಲ ಹಚ್ಚಿಸಿ. ನಾನು ಚಹಾದ ಕಿಟಲಿ ಜೊತೆಗೇ ಬಾಟಲಿ ಒಯ್ಯುತ್ತೇನೆ, ಎಣ್ಣೆ ಮೊದಲು, ಚಹಾ ಆಮೇಲೆ. ಬೀಜ ತಿರುವಲು ದರಕಿನ ಮೇಲೆ ಕೂರಿಸಬೇಡಿ, ಟಾರ್ಪಾಲು ಹಾಸಿ. ನಾವು ಈಗ ಅಂಗಳಕ್ಕೇ ತಂದು ತಿರುವುತ್ತೇವೆ. ಹೊರೆ ಜಾಸ್ತಿ, ಆದರೂ ವಾಸಿ. ಸಂಜೆ ಬಿಸಿನೀರು, ಸೋಪು. ಕಂಕುಳು, ಸೊಂಟದ ಗಂಟು, ಮೊಣಕಾಲ ಹಿಂದೆ, ಕಿವಿಯ ಹಿಂದೆ ಕೈಯಾಡಿಸಿ ನೋಡಿಕೊಳ್ಳಬೇಕು. ಬಟ್ಟೆ ಬಿಸಿನೀರಿನಲ್ಲಿ ನೆನೆಸಬೇಕು. ಸೊಳ್ಳೆ ಕ್ರೀಮ್ ಸಾಲದಾ ಅಂತ ಕೇಳುತ್ತಾರೆ. ಒಂದು ವಾರ ಹಚ್ಚಿ ನೋಡಿದೆ, ನಮ್ಮ ಕೆಲಸಕ್ಕೆ ಸಾಲಲಿಲ್ಲ. ಬೇವಿನೆಣ್ಣೆಯೂ ಅಷ್ಟೇ. ಎರಡನೇ ಸೀಸನ್ನಿನಲ್ಲಿ ಹೀಗೆ ಮಾಡಿದೆವು, ಯಾರಿಗೂ ಜ್ವರ ಬರಲಿಲ್ಲ. ಒಂದು ಬಾಟಲಿ ಇಬ್ಬರಿಗೆ ಹದಿನೈದು ದಿನ ಬರುತ್ತಿತ್ತು, ಎರಡು ಸಲ ಹಚ್ಚಿದರೆ ವಾರಕ್ಕೆ ಮುಗಿಯುತ್ತದೆ. ಮೊದಲೇ ಲೆಕ್ಕ ಹಾಕಿ ತರಿಸಿಟ್ಟುಕೊಳ್ಳಿ.

ನಿನ್ನೆ ಸಂಜೆ ಎಲ್ಲವ್ವ ಹಾನಗಲ್‌ನಿಂದ ಫೋನ್ ಮಾಡಿದ್ದಳು. ಈ ಸಲ ಸಂಕ್ರಾಂತಿ ಮುಗಿಸಿ, ಮಗಳನ್ನೂ ಕರೆದುಕೊಂಡು ಬರುತ್ತಾಳಂತೆ. ಕೂಲಿ ಎಷ್ಟು ಅಂತ ಕೇಳುವ ಮೊದಲೇ ಕೇಳಿದಳು, "ಎಣ್ಣಿ ಬಂದಾವೇನ್ರಿ ಅಕ್ಕಾರ?" ಗೂಡಿನಲ್ಲಿ ನಾಲ್ಕು ಇವೆ. ಆರು ಜನಕ್ಕೆ ಸಾಲುವುದಿಲ್ಲ. ಅಣ್ಣನಿಗೆ ಹೇಳಿದ್ದೇನೆ, ಸಿಕ್ಕಿದಷ್ಟು ಈ ವಾರವೇ ತಲುಪಿಸುತ್ತೇನೆ ಅಂದಿದ್ದಾನೆ.